ಏಳನೆಯ ಮಶೀನಿನ ಅರಿವೆ

ಸುರಪುರದ ಬಸ್ ನಿಲ್ದಾಣದಲ್ಲಿ ಶಹಾಪುರದ ಬಸ್ಸು ಹತ್ತಿದಾಗ ಕಿಟಕಿ ಪಕ್ಕದ ಸೀಟೇ ಸಿಕ್ಕಿತಾದರೂ ತಸ್ಲೀಮಾಳಿಗೆ ಅದು ತನಗಾಗಿ ಉಳಿದದ್ದು ಎನಿಸಲಿಲ್ಲ. ಯಾರೋ ಬೇಡವೆಂದು ಬಿಟ್ಟು ಎದ್ದುಹೋದದ್ದು ಎನಿಸಿತು. ಸೀಟು ಇನ್ನೂ ಬೆಚ್ಚಗಿತ್ತು. ಕಂಡಕ್ಟರು ಹೆಂಗಸರ ಪುಕ್ಕಟೆ ಟಿಕೀಟು ಹರಿದು, ಅವಳ ಮುಖ ನೋಡದೆ ಕೈಗಿಟ್ಟು ಮುಂದೆ ಹೋದ. ಮುಂದೆ ಹೋಗಿ ಮೂರನೆಯ ಸೀಟಿನ ಹತ್ತಿರ ನಿಂತು, "ಏನವಾ ಕರೆಮ್ಮ, ನಾಕು ದಿನ ಆತು ನಿನ್ನ ಧ್ವನೀನ ಕೇಳಿಲ್ಲ, ಆರಾಮಿಲ್ಲೇನು?" ಎಂದ. ಮೂರು ವರ್ಷಗಳಿಂದ ಇದೇ ಬಸ್ಸಿಗೆ ಬರುವ ತನ್ನ ಹೆಸರು ಅವನಿಗೆ ಗೊತ್ತಿರಲಿಕ್ಕಿಲ್ಲ. ಗೊತ್ತಿರಬೇಕೆಂದು ಅವಳು ಬಯಸಿದವಳೂ ಅಲ್ಲ. ಆದರೂ ಟಿಕೀಟನ್ನು ತೋರುಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತ, ಅದು ಹರಿಯುವವರೆಗೆ ಬಿಡಲಿಲ್ಲ.

ಕರೆಮ್ಮ ದೇವಾಪುರದವಳು. ಅಲ್ಲಿಂದ ಮುಂಜಾನೆಯ ಬಸ್ಸಿಗೆ ಬಂದು ಸುರಪುರದಲ್ಲಿ ಈ ಬಸ್ಸಿಗೆ ಬದಲಾಯಿಸುತ್ತಿದ್ದಳು. ಹಿಂದಿನ ಸೀಟಿನಿಂದ ತಸ್ಲೀಮಾಳಿಗೆ ಕಾಣುತ್ತಿದ್ದದ್ದು ಅವಳ ಕುತ್ತಿಗೆ, ಬಿಗಿದು ಕಟ್ಟಿದ ತುರುಬು, ತುರುಬಿನ ಅಂಚಿನಲ್ಲಿ ಎಷ್ಟು ತೊಳೆದರೂ ಹೋಗದ ಹತ್ತಿಯ ಒಂದೆರಡು ಎಳೆ. ಐವತ್ತು ದಾಟಿದ ಹೆಂಗಸಿನ ಕುತ್ತಿಗೆ. ಅದರಲ್ಲಿ ಅಂಥದ್ದೇನೂ ಇರಲಿಲ್ಲ. ಆದರೆ ಬಸ್ಸಿನಲ್ಲಿದ್ದ ಶಹಾಪುರದ ಹತ್ತಿ ಮಿಲ್ಲಿನ ಹೆಂಗಸರೆಲ್ಲ ಮಾತಾಡುವಾಗ ಆ ಕುತ್ತಿಗೆಯ ಕಡೆ ಮುಖ ಮಾಡಿಯೇ ಮಾತಾಡುತ್ತಿದ್ದರು. ಭೀಮವ್ವನೆಂಬ ದಪ್ಪನೆಯ ಹೆಂಗಸು ಅರ್ಧ ಸೀಟು ಬಿಟ್ಟುಕೊಟ್ಟು, "ಸರಿಯಾಗಿ ಕುಂದ್ರಕ್ಕಾ, ಇಡೀ ಸೀಟು ಬಿಟ್ಟರೂ ನಿನಗ ಜಾಸ್ತಿ, ನನಗ ಕಮ್ಮಿ" ಎಂದಳು. ಉಳಿದವರು ನಕ್ಕರು. ಕರೆಮ್ಮ ನಗಲಿಲ್ಲ.

"ಕವಿತಾನ ಮನಿಗೆ ಹೋಗಿದ್ದೇನಕ್ಕಾ?"

"ನಿನ್ನಿ ಹೋಗಿದ್ದೆ. ಜ್ವರ ಬಂದಾವ ಆಕಿಗೆ."

"ಏನಂತಾಳ?"

"ಏನಂತಾಳ, ಅದೇ ಅಂತಾಳ. ಕಟ್ಟಿದ್ದೆ ಅಂತಾಳ."

"ಕಟ್ಟಿದ್ರ ಎಲ್ಲಿ ಹೋತವ್ವ? ಅರಿವಿಗೇನು ರೆಕ್ಕಿ ಬಂದಿದ್ವಾ?"

"ಸಾಕ್ ಬಿಡ ಭೀಮಿ," ಎಂದಳು ಕರೆಮ್ಮ. "ಬೆರಳು ಹೋಗಿದ್ದು ಆಕಿದು. ನಿಂದಲ್ಲ."

ತಸ್ಲೀಮಾ ಕಿಟಕಿಯ ಹೊರಗೆ ನೋಡಿದಳು. ಇವಳಿಗೆ ಗೊತ್ತಿದೆ, ಎಂದುಕೊಂಡಳು. ಗೊತ್ತಿದ್ದೇ ಭೀಮವ್ವನ ಬಾಯಿ ಮುಚ್ಚಿಸಿದಳು. ನಾನು ಹಿಂದೆ ಕೂತಿದ್ದೇನೆಂದೂ ಗೊತ್ತಿದೆ. ನಾಲ್ಕು ದಿನದಿಂದ ಹೀಗೇ, ನನ್ನನ್ನು ತಿರುಗಿಯೂ ನೋಡದೆ ಕಾಪಾಡುತ್ತಿದ್ದಾಳೆ.

ಬಯ್ದಿದ್ದರೆ ತಡೆದುಕೊಳ್ಳಬಹುದಿತ್ತು. ಬಯ್ಯದಿರುವುದನ್ನು ಹೇಗೆ ತಡೆದುಕೊಳ್ಳಬೇಕೋ ಅವಳಿಗೆ ತಿಳಿಯಲಿಲ್ಲ.

ಕಳೆದ ದಸರೆ ಮುಗಿದ ಮೇಲೆ, ಹತ್ತಿಯ ಹಂಗಾಮು ಶುರುವಾಗುವ ಹೊತ್ತಿಗೆ, ಮಿಲ್ಲಿನಲ್ಲಿ ಸುರಕ್ಷತಾ ಸಮಿತಿ ಆಗಬೇಕು, ಅದರಲ್ಲಿ ಕೆಲಸಗಾರರೇ ಆರಿಸಿದ ಒಬ್ಬ ಪ್ರತಿನಿಧಿ ಇರಬೇಕು ಎಂದು ಮ್ಯಾನೇಜರು ವಿಶ್ವರಾಧ್ಯ ಒಂದು ಕಾಗದ ಹಿಡಿದು ಬಂದಿದ್ದರು. ಕಾಗದವನ್ನು ಅಂಗಳದಲ್ಲಿ ನಿಂತು ಎಲ್ಲರಿಗೂ ಓದಿ ಹೇಳಿದವಳು ತಸ್ಲೀಮಾ. ಪ್ರತಿನಿಧಿಯಾದವರು ತಿಂಗಳಿಗೊಮ್ಮೆ ಇಡೀ ಮಿಲ್ಲು ತಿರುಗಿ ನೋಡಬಹುದು, ಅಪಾಯ ಕಂಡರೆ ಮಶೀನು ನಿಲ್ಲಿಸಲು ಹೇಳಬಹುದು, ಅಪಘಾತವಾದರೆ ವಿಚಾರಿಸಬಹುದು, ಅದಕ್ಕಾಗಿ ಅವರನ್ನು ಯಾರೂ ಕೆಲಸದಿಂದ ತೆಗೆಯುವಂತಿಲ್ಲ. ಓದುತ್ತ ಓದುತ್ತ ಅವಳಿಗೆ ಆ ಸಾಲುಗಳು ತನ್ನನ್ನೇ ಕುರಿತು ಬರೆದಂತೆ ಕೇಳಿದವು. ಇವಳೂ ದಿನಗೂಲಿಯವಳೇ, ಆದರೆ ಹಾಜರಿ ಬರೆಯುವವಳು. ಸುರಪುರದ ಕಾಲೇಜಿನಲ್ಲಿ ಬಿ.ಎ. ಮಾಡಿದವಳು. ನಲವತ್ತು ಹೆಂಗಸರಲ್ಲಿ ಅರ್ಜಿ ಬರೆಯಬೇಕಾದರೆ, ಆಸ್ಪತ್ರೆಯ ಚೀಟಿ ಓದಿಸಬೇಕಾದರೆ, ಮಗಳ ಶಾಲೆಯ ಫಾರಂ ತುಂಬಿಸಬೇಕಾದರೆ ಬರುತ್ತಿದ್ದದ್ದು ಇವಳ ಮೇಜಿಗೇ. ಕೈ ಎತ್ತಿಸಿ ಎಣಿಸುವುದೆಂದಾಯಿತು. ಎಣಿಸಿ ಬರೆಯುವ ಕೆಲಸವೂ ಇವಳದ್ದೇ. ತಸ್ಲೀಮಾ ಎಂದಾಗ ಆರು ಕೈ ಎದ್ದವು. ಕರೆಮ್ಮ ಎಂದಾಗ ಕೈಗಳ ಹಿಂದಿನ ಮುಖಗಳೇ ಕಾಣದಾದವು. ಅವಳು ಒಂದೊಂದನ್ನೂ ಎಣಿಸಿದಳು, ಮೂವತ್ತೊಂದು, ತಪ್ಪಾಗಬಾರದೆಂದು ಇನ್ನೊಮ್ಮೆ ಎಣಿಸಿದಳು, ಮೂವತ್ತೊಂದು, ತನ್ನ ದುಂಡನೆಯ ಅಕ್ಷರದಲ್ಲಿ ಬರೆದಳು. ಹಿಂದಿನ ವಾರವಷ್ಟೇ ತನ್ನಿಂದ ಪಡಿತರ ಚೀಟಿಯ ಅರ್ಜಿ ಬರೆಸಿಕೊಂಡಿದ್ದ ಭೀಮವ್ವ ಎರಡೂ ಕೈ ಎತ್ತಿ ಕುಣಿಯುತ್ತಿದ್ದಳು. "ಒಂದ ಕೈ, ಒಂದ ಕೈ," ಎಂದು ತಸ್ಲೀಮಾ ಗದರಿಸಬೇಕಾಯಿತು. ತನ್ನ ಹೆಸರಿಗೆ ತಾನೇ ಕೈ ಎತ್ತಿರಲಿಲ್ಲವೆಂಬುದು ಬಸ್ಸಿನಲ್ಲಿ ನೆನಪಾಯಿತು. ಕೈಯಲ್ಲಿ ಪೆನ್ನಿತ್ತು.

ಆಮೇಲೆ ಕರೆಮ್ಮನನ್ನು ಎರಡು ದಿನದ ತರಬೇತಿಗೆಂದು ಯಾದಗಿರಿಗೆ ಮಿಲ್ಲಿನ ಜೀಪಿನಲ್ಲಿ ಕಳಿಸಿದರು. ತರಬೇತಿಯ ಫಾರಂ ತುಂಬಿದವಳು ತಸ್ಲೀಮಾ. 'ವಿದ್ಯಾಭ್ಯಾಸ' ಎಂಬಲ್ಲಿ 'ಇಲ್ಲ' ಎಂದು ಬರೆಯುವಾಗ ಪೆನ್ನನ್ನು ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು ಒತ್ತಿದಳು. ಕರೆಮ್ಮ ಮರಳಿ ಬಂದದ್ದು ಎದೆಯ ಮೇಲೆ ಹಸಿರು ಬಿಲ್ಲೆ ಚುಚ್ಚಿಕೊಂಡು. ಬಂದವಳೇ ಅಂಗಳದಲ್ಲಿ ಹೆಂಗಸರನ್ನು ಕೂಡಿಸಿ, "ಅಲ್ಲಿ ಬೀಗ ತೋರ್ಸಿದ್ರವ್ವ," ಎಂದಳು. "ಮಶೀನಿನ್ಯಾಗ ಕೈ ಹಾಕಾಕಿ ಸ್ವಿಚ್ಚಿಗೆ ಬೀಗ ಹಾಕಿ ಕೀಲಿ ತನ್ನ ಉಡ್ಯಾಗ ಇಟ್ಕೊಬೇಕಂತ. ಸಾಹೇಬ್ರು ಬೀಗ ತರಸ್ತೀನಿ ಅಂದಾರ, ಬರೋತನಕ ನಮ್ಮ ಕೈ ಉಳಿಯಂಗಿಲ್ಲ. ನಮ್ಮ ಹತ್ರ ಏನದ? ಬುತ್ತಿ ಅರಿವಿ ಅದ." ಅಂದಿನಿಂದ ಅದೇ ನಡೆಯಿತು. ರೋಲರಿನಲ್ಲಿ ಹತ್ತಿ ಸಿಕ್ಕಿಕೊಂಡು ಬಿಡಿಸಬೇಕಾದವಳು ಮೊದಲು ಮಶೀನು ನಿಲ್ಲಿಸಿ, ರೊಟ್ಟಿ ಕಟ್ಟಿ ತಂದ ತನ್ನ ಅರಿವೆಯನ್ನು ಸ್ವಿಚ್ಚಿನ ಹಿಡಿಕೆಗೆ ಗಂಟು ಹಾಕಬೇಕು. ಯಾರ ಅರಿವೆಯೋ ಅವಳೇ ಬಿಚ್ಚಬೇಕು, ಇನ್ನೊಬ್ಬರು ಮುಟ್ಟಬಾರದು. ಅರಿವೆ ಇರುವ ಸ್ವಿಚ್ಚನ್ನು ಮಿಸ್ತ್ರಿ ನಬಿಸಾಬನೂ ಮುಟ್ಟುತ್ತಿರಲಿಲ್ಲ. ಅರಿಸಿನದ ಕಲೆ ಯಾರದ್ದು, ಹಸಿರು ತೇಪೆ ಯಾರದ್ದು, ಹರಿದ ಇಳಕಲ್ ಸೀರೆಯ ಕೆಂಪು ಅಂಚು ಯಾರದ್ದು ಎಂದು ದೂರದಿಂದಲೇ ಗುರುತಿಸುತ್ತಿದ್ದರು. ಎರಡು ತಿಂಗಳಲ್ಲಿ ಒಂದು ಉಗುರೂ ಹೋಗಲಿಲ್ಲ. ತಸ್ಲೀಮಾ ಸ್ಟೀಲ್ ಡಬ್ಬಿಯಲ್ಲಿ ಊಟ ತರುವವಳು. ಅವಳ ಹತ್ತಿರ ಕಟ್ಟಲು ಅರಿವೆಯೇ ಇರಲಿಲ್ಲ. ಯಾರೂ ಕೇಳಲಿಲ್ಲ ಕೂಡ.

ಎಷ್ಟು ಸಣ್ಣ ಉಪಾಯ ಎಂದು ಮೊದಮೊದಲು ಅವಳು ಒಳಗೇ ನಕ್ಕಿದ್ದಳು. ತಾನಾಗಿದ್ದರೆ ಮೇಲಿನವರಿಗೆ ಬರೆದು, ನೆನಪೋಲೆ ಕಳಿಸಿ, ನಲವತ್ತು ಬೀಗ ತರಿಸುತ್ತಿದ್ದೆ ಎಂದುಕೊಂಡಿದ್ದಳು. ಆದರೆ ಸಂಜೆ ಮನೆಯಲ್ಲಿ ತಾಯಿ ಮುನ್ನಿಬೀಯ ಎದುರು ಚಹಾ ಹಿಡಿದು ಕೂತಾಗ ಅದು ತನಗೇಕೆ ಹೊಳೆಯಲಿಲ್ಲ ಎಂದು ಯೋಚಿಸುತ್ತ ಚಹಾ ಆರಲು ಬಿಡುತ್ತಿದ್ದಳು. ಅದಕ್ಕಿಂತ ಕೆಟ್ಟದ್ದೆಂದರೆ, ತನಗೆ ಹೊಳೆದಿದ್ದರೂ ತಾನು ಹೇಳಿದ್ದರೆ ಹೆಂಗಸರು ಕಟ್ಟುತ್ತಿರಲಿಲ್ಲ. ಹೂಂ ಮೇಡಂ ಎನ್ನುತ್ತಿದ್ದರು, ಅಷ್ಟೆ.

ಸೋಮವಾರ. ಬಸ್ಸಿನ ಕಿಟಕಿಯ ಗಾಜು ಗಡಗಡ ಎನ್ನುತ್ತಿತ್ತು. ಆ ಸದ್ದು ನಾಲ್ಕು ದಿನದ ಹಿಂದಿನ ಆ ಸೋಮವಾರದ ಮಶೀನುಗಳ ಸದ್ದೇ ಆಯಿತು. ರಾಯಚೂರಿನಿಂದ ಹತ್ತಿ ಕೊಳ್ಳುವವರು ಬರುತ್ತಾರೆ, ಒಳಗೆ ಒಂದು ಸುತ್ತು ಹಾಕಿ ಎಲ್ಲ ಓರಣವಾಗಿದೆಯೋ ನೋಡಿ ಎಂದು ವಿಶ್ವರಾಧ್ಯ ಅವಳಿಗೆ ಹೇಳಿದ್ದರು. ಅವಳು ಕಚೇರಿಯಿಂದ ಹೊರಗೆ ಬರುವಾಗ ಅಂಗಳದಲ್ಲಿ ಅವರು ಬಂದವರಿಗೆ ಕರೆಮ್ಮನನ್ನು ತೋರಿಸುತ್ತಿದ್ದರು: "ಇವ್ರು ನಮ್ಮ ಸೇಫ್ಟಿ ಅಕ್ಕಾರು." ಬಂದವರಲ್ಲಿ ಒಬ್ಬ ಕೈ ಮುಗಿದ. ಬಿಲ್ಲೆ ಬಿಸಿಲಿಗೆ ಮಿಂಚಿತು. ತಸ್ಲೀಮಾ ಫೈಲನ್ನು ಎದೆಗೊತ್ತಿಕೊಂಡು ಅವರ ಪಕ್ಕದಲ್ಲೇ ಹಾದುಹೋದಳು. ವಿಶ್ವರಾಧ್ಯ ದಾರಿ ಬಿಡಲು ಒಂದು ಹೆಜ್ಜೆ ಹಿಂದೆ ಸರಿದರು, ಅಷ್ಟೇ ಪರಿಚಯ. ಒಳಗೆ ಮಶೀನುಗಳ ಸಾಲು ಒಂದೇ ಸಮನೆ ಅರಚುತ್ತಿತ್ತು, ಹತ್ತಿಯ ಧೂಳು ಬೆಳಕಿನಲ್ಲಿ ತೇಲುತ್ತಿತ್ತು. ಏಳನೆಯದು ಮಾತ್ರ ಸುಮ್ಮನಿತ್ತು. ಅದರ ಸ್ವಿಚ್ಚಿನ ಮೇಲೆ ಇಳಕಲ್ ಸೀರೆಯ ಕೆಂಪು ಅಂಚಿನ ತುಂಡು. ಕರೆಮ್ಮನದು. ಕರೆಮ್ಮ ಹೊರಗೆ ನಮಸ್ಕಾರ ಹಾಕಿಸಿಕೊಳ್ಳುತ್ತಿದ್ದಾಳೆ, ಅವಳ ಅರಿವೆ ಇಲ್ಲಿ ಧ್ವಜದ ಹಾಗೆ ತೂಗುತ್ತಿದೆ. ತೋರಿಕೆಗೆ ಕಟ್ಟಿಟ್ಟು ಹೋಗಿದ್ದಾಳೆ, ಬರುವವರು ನೋಡಲಿ ಎಂದು. ತಸ್ಲೀಮಾ ಕೈ ಚಾಚಿದಳು, ಸುಮ್ಮನೆ ಒಂದು ಸಲ ಎಳೆದಳು, ಬಂತು. ಹೀಗೇ ಆದದ್ದು. ನಾಲ್ಕು ದಿನದಿಂದ ಪ್ರತಿ ಸಲ ನೆನೆಸಿಕೊಂಡಾಗಲೂ ಹೀಗೇ ಆಗುತ್ತಿತ್ತು: ಚಾಚಿದಳು, ಎಳೆದಳು, ಬಂತು. ನಾಲ್ಕು ಮಡಿಕೆ ಮಡಚಿ ಪಕ್ಕದ ಹತ್ತಿಕಾಳಿನ ಚೀಲದ ಮೇಲಿಟ್ಟಳು. ಮಡಚದೆ ಏನನ್ನೂ ಇಡುವುದು ಅವಳಿಂದಾಗದು. ಕಚೇರಿಯ ಬಾಗಿಲು ತಲುಪುವಷ್ಟರಲ್ಲಿ ಹಿಂದೆ ನಬಿಸಾಬ ಸ್ವಿಚ್ಚು ಹಾಕಿದ ಸದ್ದು, ಅದರ ಬೆನ್ನಿಗೇ ಕವಿತಾಳ ಕೂಗು.

ಮಶೀನಿನ ಹಿಂಬದಿಯಲ್ಲಿ ಹತ್ತಿಯ ರಾಶಿಗೆ ಮರೆಯಾಗಿ ಬಗ್ಗಿ ಕೂತಿದ್ದವಳು ಕವಿತಾ. ಗೋಗಿಯ ಹುಡುಗಿ, ಇಪ್ಪತ್ತೆರಡರವಳು. ಅಂದು ಮನೆಯಲ್ಲಿ ರೊಟ್ಟಿ ಆಗಿರಲಿಲ್ಲವೆಂದು ಬುತ್ತಿ ತಂದಿರಲಿಲ್ಲ, ಅರಿವೆಯೂ ಇರಲಿಲ್ಲ. ಕರೆಮ್ಮ ತನ್ನದನ್ನು ಕೊಟ್ಟಿದ್ದಳು. ಬಲಗೈಯ ಎರಡು ಬೆರಳಿನ ತುದಿ ಹೋದವು.

ಎಲ್ಲರೂ ಓಡಿದರು. ತಸ್ಲೀಮಾಳೂ ಓಡಿದಳು, ತನ್ನ ದುಪಟ್ಟಾವನ್ನೇ ಹರಿದು ಸುತ್ತಿದಳು. ಇದನ್ನು ಆಮೇಲೆ ಹಲವರು ಮೆಚ್ಚಿ ಮಾತಾಡಿದರು. ಮ್ಯಾನೇಜರ ಕಾರು ಕವಿತಾಳನ್ನು ಕರೆದೊಯ್ದ ಮೇಲೆ ಕರೆಮ್ಮ ಏಳನೆಯ ಮಶೀನಿನ ಹತ್ತಿರ ಬಂದು ನಿಂತಳು. ಖಾಲಿ ಹಿಡಿಕೆಯನ್ನು ನೋಡಿದಳು. ಚೀಲದ ಮೇಲಿದ್ದ ಅರಿವೆಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ನಾಲ್ಕು ಮಡಿಕೆಯ ಅರಿವೆ ತಾನಾಗಿ ಬಿದ್ದದ್ದಲ್ಲವೆಂದು ಕೂಸಿಗೂ ತಿಳಿಯುತ್ತದೆ. ಅದನ್ನೆತ್ತಿ ಸೊಂಟಕ್ಕೆ ಸಿಗಿಸಿಕೊಂಡು, ಒಂದು ಮಾತೂ ಆಡದೆ ಹೋದಳು. ತಸ್ಲೀಮಾ ಐದು ಹೆಜ್ಜೆ ದೂರದಲ್ಲಿ ರಕ್ತದ ಕೈಯನ್ನು ಗೋಡೆಗೆ ಒರೆಸುತ್ತ ನಿಂತಿದ್ದಳು.

ಬಸ್ಸಿಳಿದು ಮಿಲ್ಲಿನ ಗೇಟಿನೊಳಗೆ ಹೋದಾಗ ಅವಳಿಗೆ ಎಂದಿನಂತೆ ಕೆಮ್ಮು ಬಂತು. ಹನ್ನೊಂದಕ್ಕೆ ಸಮಿತಿಯ ಸಭೆ. ನಿನ್ನೆ ವಿಶ್ವರಾಧ್ಯ ಅವಳ ಮೇಜಿನ ತನಕ ಬಂದು, ಧ್ವನಿ ತಗ್ಗಿಸಿ ಹೇಳಿದ್ದರು: "ಮೊದಲಿಗೇ ಅಕ್ಷರ ಬಲ್ಲವ್ರು ಬೇಕಿತ್ತು ನೋಡ್ರಿ ಈ ಕೆಲಸಕ್ಕ. ಅರಿವಿ ಕಟ್ಟಿ ಮಶೀನ್ ನಿಂದರಸ್ತೀನಿ ಅಂದ್ರ ಹೆಂಗ? ನಾಳಿ ಮೀಟಿಂಗಿನ್ಯಾಗ ನಿಮ್ಮ ಹೆಸರು ತರ್ತೀನಿ. ಆ ಹೆಣ್ಣುಮಕ್ಕಳೂ ಈಗ ಬ್ಯಾಡ ಅನ್ನಂಗಿಲ್ಲ." ಅವಳು ನೋಡೋಣ ಸರ್ ಎಂದಿದ್ದಳು. ಆ ಎರಡು ಶಬ್ದದಲ್ಲಿ ಒಪ್ಪಿಗೆಯೂ ಇರಲಿಲ್ಲ, ನಿರಾಕರಣೆಯೂ ಇರಲಿಲ್ಲ. ಆದರೆ ರಾತ್ರಿ ನಿದ್ದೆ ಹತ್ತುವ ಮೊದಲು ಅವಳು ತನ್ನ ಎದೆಯ ಎಡಭಾಗವನ್ನು, ಬಿಲ್ಲೆ ಚುಚ್ಚುವ ಜಾಗವನ್ನು, ಬೆರಳಿನಿಂದ ಮುಟ್ಟಿ ನೋಡಿಕೊಂಡಿದ್ದಳು.

ಕಚೇರಿಯಲ್ಲಿ ನಾಲ್ಕು ಕುರ್ಚಿ. ವಿಶ್ವರಾಧ್ಯ, ನಬಿಸಾಬ, ಕರೆಮ್ಮ, ಬರೆಯಲು ತಸ್ಲೀಮಾ. ನಬಿಸಾಬನ ಗಡ್ಡ ನಾಲ್ಕು ದಿನದಲ್ಲಿ ಬೆಳ್ಳಗಾದಂತಿತ್ತು. "ಓದ್ರಿ," ಎಂದರು ವಿಶ್ವರಾಧ್ಯ. ಅವಳು ತಾನು ಬರೆದ ವರದಿ ಓದಿದಳು. ಸೋಮವಾರ ಬೆಳಿಗ್ಗೆ ಸುಮಾರು ಒಂಬತ್ತೂ ಮುಕ್ಕಾಲಿಗೆ ಏಳನೆಯ ಮಶೀನನ್ನು ಚಾಲೂ ಮಾಡುವಾಗ ಅದರ ಸ್ವಿಚ್ಚಿನ ಮೇಲೆ ಗುರುತಿನ ಅರಿವೆ ಇರಲಿಲ್ಲ. ಕಾರ್ಮಿಕಳು ಹಿಂಬದಿಯಲ್ಲಿ ಕೈ ಹಾಕಿರುವುದು ಮಿಸ್ತ್ರಿಗೆ ತಿಳಿಯಲಿಲ್ಲ. ಈ ಎರಡು ಸಾಲಿಗೆ ಅವಳು ಒಂದು ಇಡೀ ಮಧ್ಯಾಹ್ನ ಕಳೆದಿದ್ದಳು. ಪ್ರತಿ ಶಬ್ದವೂ ನಿಜ. ಯಾರು ಯಾವ ಕಡೆಯಿಂದ ಅಲುಗಾಡಿಸಿದರೂ ಒಂದೂ ಕಳಚಿಕೊಳ್ಳುವಂತಿರಲಿಲ್ಲ.

"ಕೊನಿಗೆ ಇನ್ನೊಂದು ಸಾಲು ಹಾಕ್ರಿ," ಎಂದರು ವಿಶ್ವರಾಧ್ಯ. "ಕಾರ್ಮಿಕಳ ಸ್ವಂತ ಅಜಾಗರೂಕತೆಯೇ ಕಾರಣ ಅಂತ."

"ಹಂಗ ಬರದ್ರ ಆಕಿಗೆ ಪರಿಹಾರ ಸಿಗ್ತದೇನ್ರಿ?" ಕರೆಮ್ಮ ಕೇಳಿದಳು.

"ಅದು ಆಮ್ಯಾಲಿನ ಮಾತು."

"ಆಮ್ಯಾಲಿಂದಲ್ರಿ. ಆ ಸಾಲು ಬ್ಯಾಡ್ರಿ."

"ಮತ್ತ ಕಾರಣ ಏನಂತ ಬರೀಬೇಕು ಕರೆಮ್ಮ? ಗಾಳಿ ಅಂತನ?"

ನಬಿಸಾಬ ತಲೆ ಎತ್ತಿದ. "ನಂದೂ ತಪ್ಪದ್ರಿ ಸಾಹೇಬ್ರ. ಮೊದಲ ನಾ ಸ್ವಿಚ್ ಹಾಕೂಮುಂದ ಜೋರಾಗಿ ಒದರ್ತಿದ್ದೆ, ಯಾರದೀರಿ ಅಂತ. ಅರಿವಿ ಬಂದಿಂದ ಒದರೋದು ಬಿಟ್ಟಿದ್ದೆ. ಅರಿವಿ ಇಲ್ಲಂದ್ರ ಮನಷ್ಯಾ ಇಲ್ಲ ಅನ್ಕೊಂಡೆ. ಅಲ್ಲಾನ ಆಣಿ, ಅಷ್ಟ ಆಗಿದ್ದು."

"ನಿಂದಲ್ಲ ನಬಿಸಾಬ," ಎಂದಳು ಕರೆಮ್ಮ. "ನನ್ನ ಹೆಸರು ಬರೀರಿ ಸಾಹೇಬ್ರ. ತನ್ನ ಅರಿವಿ ತಾನೇ ಕಟ್ಟಬೇಕು ಅಂತ ಊರಿಗೆಲ್ಲ ಹೇಳಿದಾಕಿ ನಾನು. ನಂದ ತೆಗದು ಆಕಿ ಕೈಯಾಗ ಕೊಟ್ಟು, ನೋಡ್ಲಾರದ ಹೊರಗ ನಿಂತೆ. ನಮಸ್ಕಾರಾ ಹೊಡಸ್ಕೊಂಡು ನಿಂತೆ. ಪ್ರತಿನಿಧಿ ತಪ್ಪು ಅಂತ ಬರೀರಿ. ಆ ಹುಡುಗೀದು ಒಂದ ಅಕ್ಷರ ಬ್ಯಾಡ." ಬಿಲ್ಲೆಯ ಪಿನ್ನು ಬಿಚ್ಚಲು ಸ್ವಲ್ಪ ಹೊತ್ತು ಹಿಡಿಯಿತು. ಬಿಚ್ಚಿ ಮೇಜಿನ ಮೇಲಿಟ್ಟಳು.

"ನೀವ ಅಂದಮ್ಯಾಲ ನನಗೇನದ," ಎಂದು ವಿಶ್ವರಾಧ್ಯ ತಸ್ಲೀಮಾಳ ಕಡೆ ತಿರುಗಿದರು. "ಹಂಗಾದ್ರ ಮುಂದಿಂದು ತಸ್ಲೀಮಾ ಅವರು ನೋಡ್ಕೊಳ್ಳಿ."

ಹಸಿರು ಬಿಲ್ಲೆ ಅವಳ ಪೆನ್ನಿನಿಂದ ಒಂದು ಗೇಣು ದೂರದಲ್ಲಿತ್ತು. ಹತ್ತಿರದಿಂದ ನೋಡಿದರೆ ಅಗ್ಗದ ತಗಡು, ಒಂದು ಮೂಲೆಯಲ್ಲಿ ಬಣ್ಣ ಎದ್ದಿತ್ತು. ಅವಳಿಗೆ ಬೇಕಾದದ್ದು ಅದಾಗಿರಲೇ ಇಲ್ಲ. ಬೇಕಾದದ್ದು ಅದನ್ನು ಹೀಗೆ ಬಿಚ್ಚಿ ಇಡುವುದು. ಮಾಡದ ತಪ್ಪನ್ನು ಮೈಮೇಲೆ ಎಳೆದುಕೊಂಡು, ಮಾಡಿದವಳ ಎದುರೇ ಕೂತು, ಅವಳ ಕಡೆ ಕಣ್ಣನ್ನೂ ಹೊರಳಿಸದೆ ಇಡುವುದು. ಮೂವತ್ತೊಂದು ಕೈ ಇವಳಿಗೆ, ಜೀಪು ಇವಳಿಗೆ, ಕಂಡಕ್ಟರನ ಮಾತು ಇವಳಿಗೆ, ಕ್ಷಮಿಸುವ ಸುಖವೂ ಇವಳಿಗೇ. ನಾಳೆ ತಾನು ಆ ಬಿಲ್ಲೆ ಚುಚ್ಚಿಕೊಂಡು ಸಾಲಿನಲ್ಲಿ ನಡೆದರೆ ಅದು ಕರೆಮ್ಮ ಕೊಟ್ಟ ಭಿಕ್ಷೆ; ಹಿಂದಿನ ಸೀಟಿನಿಂದ ನೋಡಿದ ಆ ಕುತ್ತಿಗೆ ಪ್ರತಿದಿನ ಅದನ್ನು ಮರೆತಂತೆ ಮುಂದೆ ಕೂತಿರುತ್ತದೆ. ಇಷ್ಟೊಂದು ಇವಳಿಗೆ ಬಿಡಲಾರೆ ಎನಿಸಿತು. ಅದು ಪಶ್ಚಾತ್ತಾಪವಾಗಿರಲಿಲ್ಲ. ಬಾಯಿ ತೆರೆಯುವಾಗಲೂ ಅವಳಿಗದು ಸ್ಪಷ್ಟವಾಗಿ ಗೊತ್ತಿತ್ತು.

"ಅರಿವಿ ಕಟ್ಟಿತ್ತು," ಎಂದಳು. "ನಾ ಬಿಚ್ಚಿದೆ."

ಹೊರಗೆ ಮಶೀನುಗಳ ಸದ್ದು ಒಮ್ಮೆಲೇ ಹತ್ತಿರ ಬಂದಂತಾಯಿತು. ನಬಿಸಾಬ ಬಾಯಲ್ಲೇ ಏನೋ ಅಂದುಕೊಂಡ. ತಸ್ಲೀಮಾ ಕರೆಮ್ಮನನ್ನೇ ನೋಡುತ್ತಿದ್ದಳು, ಗೆದ್ದವಳ ಹಾಗೆ. ಆದರೆ ಕರೆಮ್ಮನ ಮುಖದಲ್ಲಿ ಅವಳು ನಿರೀಕ್ಷಿಸಿದ್ದು ಯಾವುದೂ ಇರಲಿಲ್ಲ.

"ಏನಂದಿ?"

"ನಿಮಗ ಗೊತ್ತದಲ್ಲ ಕರೆಮ್ಮಕ್ಕ. ಮಡಚಿಟ್ಟಿದ್ದು ನೀವು ನೋಡಿದ್ರಿ. ಎಲ್ಲ ಗೊತ್ತಿದ್ದೂ ಸುಮ್ಮನಿದ್ರಿ."

"ನನಗೇನ್ ಗೊತ್ತು?" ಎಂದಳು ಕರೆಮ್ಮ. "ಮಡಚಿ ಕವಿತಾನ ಕೈಯಾಗ ಕೊಟ್ಟಾಕಿ ನಾನ. ಕೊಟ್ಟಿದ್ದು ಕೊಟ್ಟಂಗ ಚೀಲದ ಮ್ಯಾಲಿಟ್ಟು ಕೈ ಹಾಕ್ಯಾಳ ಅಂತ ತಿಳದೆ. ಬಾಯಿಬಿಟ್ರ ಆಕಿದ ತಪ್ಪು ಅಂತಾರಂತ ಸುಮ್ಮನಿದ್ದೆ. ನಿನ್ನ ಇಚಾರ ನನ್ನ ತಲ್ಯಾಗ ಯಾಕ ಬರ್ತದ ತಂಗಿ?"

ಯಾಕೆ ಬರುತ್ತದೆ. ನಾಲ್ಕು ದಿನ ತಸ್ಲೀಮಾ ಆ ಹೆಂಗಸಿನ ಮೌನದೊಳಗೆ ಕೂತು, ಅದರಲ್ಲೊಂದು ಜಾಗ ಹಿಡಿದು, ಅದರ ಜೊತೆ ಜಗಳವಾಡಿದ್ದಳು. ಅಲ್ಲಿ ಅವಳು ಇರಲೇ ಇಲ್ಲ.

"ಯಾಕ ಬಿಚ್ಚಿದಿ?"

"ಅದು ನಿಮ್ಮದು ಅಂತ ಗೊತ್ತಾತು. ನೀವು ಹೊರಗ ನಿಂತಿದ್ರಿ. ಒಳಗ ಯಾರೂ ಇಲ್ಲ ಅನ್ಕೊಂಡೆ." ಇದರಲ್ಲೂ ಪ್ರತಿ ಶಬ್ದ ನಿಜ.

ಕರೆಮ್ಮ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. "ನಾಕು ದಿನ," ಎಂದಳು, ಯಾರಿಗೆಂದಲ್ಲ. "ನಾಕು ದಿನ ಆ ಹುಡುಗಿ ಕಟ್ಟಿದ್ದೆ ಅಕ್ಕಾ, ಕಟ್ಟಿದ್ದೆ ಅಕ್ಕಾ ಅಂತ ಅತ್ತಳು. ಹೂಂ ಬಿಡವ್ವ ಅಂದೆ. ನಿನ್ನಿ ಜ್ವರದಾಗೂ ಅದನ್ನ ಅಂದಳು. ನಂಬಲಿಲ್ಲ ನಾ." ಎದ್ದಳು. ಮೇಜಿನ ಮೇಲಿದ್ದ ಬಿಲ್ಲೆಯನ್ನು, ಮರೆತಿದ್ದ ಕೀಲಿಕೈ ತೆಗೆದುಕೊಳ್ಳುವವಳಂತೆ ಎತ್ತಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಕರೆಮ್ಮ, ಮೀಟಿಂಗ್ ಮುಗಿದಿಲ್ಲ," ಎಂದರು ವಿಶ್ವರಾಧ್ಯ. "ಈಗಿದನ್ನ ಹೆಂಗ ಬರಿಯೋದು ನಾವು?"

"ಇಕಿ ಈಗ ಅಂದಂಗ ಬರೀರಿ. ನಾ ಗೋಗಿಗೆ ಹೋಗಿ ಬರ್ತೀನಿ. ಅಪಘಾತ ಆದ್ರ ಇಚಾರಸೋದು ನನ್ನ ಹಕ್ಕು ಅಂತ ಆ ಕಾಗದದಾಗ ಅದಲ್ರಿ? ಇಕಿನ ಓದಿದ್ದಳು." ಬಾಗಿಲಲ್ಲಿ ನಿಂತು, ಮೊದಲ ಬಾರಿ ತಸ್ಲೀಮಾಳನ್ನು ಸರಿಯಾಗಿ ನೋಡಿದಳು. "ನಡಿ, ನೀನೂ ನಡಿ. ನಾ ಹೇಳಿದ್ರ ಆಕಿ ನಂಬಬೇಕಲ್ಲ."

ಶೇರ್ ಆಟೋದಲ್ಲಿ ಹಿಂದೆ ಐದು ಜನ. ಕರೆಮ್ಮನ ತೊಡೆ ತಸ್ಲೀಮಾಳ ತೊಡೆಗೆ ಒತ್ತಿಕೊಂಡಿತ್ತು, ತಿರುವಿನಲ್ಲಿ ಅವಳ ಇಡೀ ಭಾರ ಮೇಲೆ ಬೀಳುತ್ತಿತ್ತು. ನಬಿಸಾಬ ಇಷ್ಟು ಹೊತ್ತಿಗೆ ಮಿಲ್ಲಿನಲ್ಲಿ ಹೇಳಿರುತ್ತಾನೆ. ಭೀಮವ್ವ ಸೊಂಟಕ್ಕೆ ಕೈ ಕೊಟ್ಟು ನಿಂತಿರುತ್ತಾಳೆ. ಸಂಜೆಯ ಬಸ್ಸಿನಲ್ಲಿ ಕೂತಾಗ ಎಲ್ಲ ಮುಖಗಳೂ ಒಮ್ಮೆ ತನ್ನ ಕಡೆ ತಿರುಗುತ್ತವೆ. ಕೊನೆಗಾದರೂ ತಿರುಗುತ್ತವೆ, ಎಂಬ ಯೋಚನೆ ಬಂದದ್ದೇ ಅವಳಿಗೆ ತನ್ನ ಬಗ್ಗೆ ಹೇಸಿಕೆಯಾಯಿತು. ಕೆಲಸ ಹೋಗಬಹುದು. ತಾಯಿಗೆ ಏನೆಂದು ಹೇಳುವುದು? ಶಬ್ದಗಳನ್ನು ಜೋಡಿಸತೊಡಗಿದಳು, ಮತ್ತೆ ಎಲ್ಲವೂ ನಿಜವಾಗಿರುವ ಶಬ್ದಗಳೇ ಬಂದವು. ಹೊಲಗಳಲ್ಲಿ ಬಿಡಿಸಿ ಬಿಟ್ಟ ಹತ್ತಿಯ ಗಿಡಗಳು ಕಪ್ಪಗೆ ನಿಂತಿದ್ದವು.

ಕವಿತಾಳ ಮನೆ ಊರಿನ ಹಿಂಬದಿಯ ಓಣಿಯಲ್ಲಿ. ಒಳಗೆ ಕತ್ತಲೆಯೆಂದು ಕಟ್ಟೆಯ ಮೇಲೆಯೇ ಕೌದಿ ಹಾಸಿ ಮಲಗಿದ್ದಳು. ಕರೆಮ್ಮ ಚಪ್ಪಲಿ ಬಿಡುವ ಮೊದಲೇ ಬಗ್ಗಿ ಅವಳ ತಲೆಯನ್ನು ಎದೆಗೊತ್ತಿಕೊಂಡಳು. "ಕಟ್ಟಿದ್ದಿ ನನ್ನವ್ವ, ಕಟ್ಟಿದ್ದಿ ನೀನು. ನನ್ನ ಬಾಯಾಗ ಮಣ್ಣು ಬೀಳ್ಲಿ." ಕವಿತಾ ಏನೂ ತಿಳಿಯದೆ ನೋಡಿದಳು, ಆಮೇಲೆ ತಿಳಿಯಿತೇನೋ, ಕರೆಮ್ಮನ ಸೆರಗಿನಲ್ಲಿ ಮುಖ ಒತ್ತಿದಳು. ತಸ್ಲೀಮಾ ಅಂಗಳದಲ್ಲಿ ನಿಂತೇ ಇದ್ದಳು. ಆ ಒರಟು ಅಂಗೈ ಹುಡುಗಿಯ ಎಣ್ಣೆಯಿಲ್ಲದ ಕೂದಲ ಮೇಲೆ ಹೋಗಿ ಬರುವುದನ್ನು ನೋಡುತ್ತ, ಈ ಹೊತ್ತಿನಲ್ಲೂ, ಇಲ್ಲಿಯೂ, ಅದು ತನ್ನ ತಲೆಯಾಗಿದ್ದರೆ ಎಂದುಕೊಂಡಳು. ಎರಡು ಬೆರಳು ಕೊಟ್ಟಾದರೂ.

"ಮೇಡಂ ಬಂದಾರ," ಎಂದು ಕವಿತಾ ಗಡಬಡಿಸಿ ಎದ್ದು ಕೂತಳು. ಬಲಗೈ ಬಿಳಿಯ ಪಟ್ಟಿಯೊಳಗೆ ದಪ್ಪಗಿತ್ತು. ಎಡಗೈಯಿಂದ ಕೌದಿಯ ಒಂದು ತುದಿಯನ್ನು ಸರಿಮಾಡಿ ಜಾಗ ತೋರಿಸಿದಳು. "ಕುಂದರ್ರಿ ಮೇಡಂ. ಆವತ್ತ ನಿಮ್ಮ ದುಪಟ್ಟಾ ಹಾಳಾತು."

ಕರೆಮ್ಮ ಸರಿದು ಕೂತಳು. ಸಹಾಯ ಮಾಡಲಿಲ್ಲ.

"ಕವಿತಾ," ಎಂದಳು ತಸ್ಲೀಮಾ. ಆಟೋದಲ್ಲಿ ಜೋಡಿಸಿಟ್ಟ ಶಬ್ದಗಳು ಒಂದೂ ಬರಲಿಲ್ಲ. "ನೀ ಕಟ್ಟಿದ್ದನ್ನ ನಾನು ಬಿಚ್ಚಿದೆ. ಅರಿವಿ ಕರೆಮ್ಮಕ್ಕಂದು, ಅದಕ್ಕ ಬಿಚ್ಚಿದೆ. ಬ್ಯಾರೆಯವ್ರದಾಗಿದ್ರ ಮುಟ್ಟತಿರಲಿಲ್ಲ."

ಕಟ್ಟೆಯ ಕೆಳಗೆ ಕೋಳಿಯೊಂದು ಕಾಳು ಹುಡುಕುತ್ತಿತ್ತು. ಕವಿತಾ ಸಿಟ್ಟಾಗುತ್ತಾಳೆ, ಶಾಪ ಹಾಕುತ್ತಾಳೆ ಎಂದು ತಸ್ಲೀಮಾ ಕಾದಳು. ಹುಡುಗಿ ಪಟ್ಟಿಯ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅವಳನ್ನೇ ನೋಡಿದಳು. ನಾಲ್ಕು ದಿನದಿಂದ ಯಾರೂ ಉತ್ತರ ಕೊಡದಿದ್ದ ಪ್ರಶ್ನೆಯೊಂದು ಆ ಕಣ್ಣುಗಳಲ್ಲಿತ್ತು.

"ಗಂಟು ಬಿಗಿ ಇತ್ತಲ್ರಿ ಮೇಡಂ?"

ತಸ್ಲೀಮಾಳ ಬೆರಳುಗಳಿಗೆ ನೆನಪಾಯಿತು. ಮೊದಲು ಎಳೆದದ್ದು, ಬಾರದ್ದು. ಫೈಲನ್ನು ಕಂಕುಳಲ್ಲಿ ಸಿಗಿಸಿಕೊಂಡದ್ದು. ಉಗುರು ತೂರಿಸಿ ಒಂದೊಂ‍ದೇ ಎಳೆ ಸಡಿಲಿಸಿದ್ದು. ಅಷ್ಟು ಹೊತ್ತೂ ಹಲ್ಲು ಕಚ್ಚಿಕೊಂಡಿದ್ದದ್ದು.

"ಬಿಗಿ ಇತ್ತು," ಎಂದಳು. "ಭಾಳ ಬಿಗಿ ಇತ್ತು ಕವಿತಾ. ಬಿಚ್ಚಾಕ ನನಗ ಎರಡೂ ಕೈ ಬೇಕಾದವು."